ಏನೂ ಆಗಿಲ್ಲದವಳ ದವಾಖಾನೆ

“ಏನಾಗಿದೆ?” ಎಂದು ಕೌಂಟರಿನ ಹುಡುಗಿ ಕೇಳಿದಳು.

“ಏನೂ ಆಗಿಲ್ಲ” ಎಂದೆ.

ಅವಳ ಪೆನ್ನು ಚೀಟಿಯ ಮೇಲೆ ನಿಂತಿತು. “ಮತ್ತೆ?”

“ಸುಮ್ಮನೆ ಒಮ್ಮೆ ತೋರಿಸಿಕೊಂಡು ಹೋಗೋಣವೆಂದು ಬಂದೆ.”

“ಮದುವೆಯಾಗಿದೆಯೇ?”

ಇಲ್ಲವೆಂದೆ. ಬೆಂಚಿನ ಮೇಲೆ ಪಾಳಿಗಾಗಿ ಕುಳಿತಿದ್ದ ಬಸುರಿಯರು, ಅವರ ಅತ್ತೆಯರು, ನಾದಿನಿಯರು ಎಲ್ಲರೂ ಒಟ್ಟಿಗೆ ತಲೆಯೆತ್ತಿ ನನ್ನ ಹೊಟ್ಟೆಯ ಕಡೆಗೆ ನೋಡಿದರು. ಪಕ್ಕದಲ್ಲಿದ್ದ ಅವ್ವ ಸೆರಗು ಸರಿಪಡಿಸಿಕೊಳ್ಳುವ ನೆಪದಲ್ಲಿ ಒಂದು ಹೆಜ್ಜೆ ಹಿಂದೆ ಸರಿದಳು, ನಾನು ಯಾರೋ ಅವಳು ಯಾರೋ ಎನ್ನುವಂತೆ.

ಅದು 2024ರ ಜುಲೈ. ಹುಬ್ಬಳ್ಳಿಗೆ ಜಿಟಿಜಿಟಿ ಮಳೆ ಹಿಡಿದಿತ್ತು. ಒಳಗಿದ್ದ ಡಾಕ್ಟರು ಎರಡು ನಿಮಿಷದಲ್ಲಿ ನನ್ನನ್ನು ಮುಗಿಸಿದರು. ನೋವಿದೆಯೇ? ಇಲ್ಲ. ಮುಟ್ಟು ತಿಂಗಳು ತಿಂಗಳು ಸರಿಯಾಗಿ ಆಗುತ್ತದೆಯೇ? ಆಗುತ್ತದೆ. “ಹಾಗಾದರೆ ಏನೂ ಬೇಡ. ಮದುವೆ ಗೊತ್ತಾದ ಮೇಲೆ ಬಾ.” ಫೀಸು ಕೊಟ್ಟು ಹೊರಗೆ ಬಂದೆವು. ಅವ್ವನ ಮುಖದಲ್ಲಿ ಗೆದ್ದ ಕಳೆಯಿತ್ತು. “ಕುದುರೆಯಂತಿರುವವಳನ್ನು ದವಾಖಾನೆಗೆ ಯಾರಾದರೂ ಕರೆದುಕೊಂಡು ಬರುತ್ತಾರೆಯೇ?” ಎಂದಳು. ಕರೆದುಕೊಂಡು ಬಂದವಳು ನಾನು, ಅವಳಲ್ಲ ಎಂದು ಹೇಳಲು ಹೋಗಲಿಲ್ಲ.

ನಾನು ಹೋದದ್ದು ಚಿಗವ್ವನ ಸಲುವಾಗಿ. ಗದಗಿನಲ್ಲಿರುವ ಚಿಗವ್ವ ಅವ್ವನ ಬೆನ್ನಿಗೆ ಬಿದ್ದವಳು, ಆಗ ಅವಳಿಗೆ ನಲವತ್ತಾರು. ಎರಡನೆಯ ಹೆರಿಗೆಯಾದ ಮೇಲೆ ಇಪ್ಪತ್ತು ವರ್ಷ ತನ್ನ ಸಲುವಾಗಿ ಅವಳು ಒಮ್ಮೆಯೂ ದವಾಖಾನೆಯ ಮೆಟ್ಟಿಲು ಹತ್ತಿರಲಿಲ್ಲ. ಮಾವನ ಬಿಪಿಗೆ ಹೋಗಿದ್ದಳು, ಅತ್ತೆಯ ಮೊಣಕಾಲಿಗೆ ಹೋಗಿದ್ದಳು, ಮಕ್ಕಳ ಕೆಮ್ಮಿಗೆ ಲೆಕ್ಕವಿಲ್ಲದಷ್ಟು ಸಲ ಹೋಗಿದ್ದಳು. ಬಿಳಿಸೆರಗು ಹೆಚ್ಚಾದಾಗ ಉಷ್ಣವೆಂದು ಸಬ್ಬಕ್ಕಿ ಗಂಜಿ ಕುಡಿದಳು. ನಡುನಡುವೆ ರಕ್ತ ಕಂಡಾಗ ಮುಟ್ಟು ನಿಲ್ಲುವ ವಯಸ್ಸು ಬಂತೆಂದುಕೊಂಡಳು. ಗೊತ್ತಾಗುವ ಹೊತ್ತಿಗೆ ಗರ್ಭಕಂಠದ ಕ್ಯಾನ್ಸರ್ ಮೂರನೆಯ ಹಂತದಲ್ಲಿತ್ತು. ನವನಗರದ ಕ್ಯಾನ್ಸರ್ ಆಸ್ಪತ್ರೆಯಲ್ಲಿ ವಾರಕ್ಕೆ ಐದು ದಿನದಂತೆ ಐದು ವಾರ ರೇಡಿಯೇಶನ್. ಅಷ್ಟೂ ದಿನ ಅವಳು ಧಾರವಾಡದ ನಮ್ಮ ಮನೆಯಲ್ಲಿಯೇ ಇದ್ದಳು. ನನ್ನ ಕಚೇರಿ ಇರುವುದು ಹುಬ್ಬಳ್ಳಿಯಲ್ಲಿ. ಬೆಳಿಗ್ಗೆ ಮೂವರೂ ಚಿಗರಿ ಬಸ್ಸು ಹತ್ತುತ್ತಿದ್ದೆವು. ಅವ್ವ ಮತ್ತು ಚಿಗವ್ವ ನವನಗರದಲ್ಲಿ ಇಳಿದರೆ ನಾನು ಮುಂದೆ ಹೋಗುತ್ತಿದ್ದೆ. ಒಂದು ದಿನ ಇಳಿಯುವ ಮುಂಚೆ ಚಿಗವ್ವ ನನ್ನ ಮಣಿಕಟ್ಟು ಹಿಡಿದು ಹೇಳಿದಳು: “ನೀನೂ ಒಮ್ಮೆ ತೋರಿಸಿಕೊ. ನನ್ನ ಮೈಯ ರಕ್ತವೇ ನಿನ್ನ ಮೈಯಲ್ಲಿಯೂ ಇದೆ.”

ಆ ಮಾತಿನಲ್ಲಿ ಅರ್ಧ ತಪ್ಪಿತ್ತು. ಅದು ತಿಳಿಯಲು ನನಗೆ ಇನ್ನೂ ಐದು ತಿಂಗಳು ಬೇಕಾಯಿತು.

ನಮ್ಮ ಕಚೇರಿಯ ಹುಡುಗಿಯರ ನಡುವೆ ದೀಪಾವಳಿಯ ಹೊತ್ತಿಗೆ ಒಂದು ಲ್ಯಾಬಿನ ಜಾಹೀರಾತು ಓಡಾಡಿತು. ಅರ್ಧ ದರಕ್ಕೆ ಎಪ್ಪತ್ತಕ್ಕೂ ಹೆಚ್ಚು ಪರೀಕ್ಷೆ, ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಾರೆ. ಡಾಕ್ಟರು ನೋಡದಿದ್ದರೇನು, ಯಂತ್ರವಾದರೂ ನೋಡಲಿ ಎಂದು ನಾನೂ ಹೆಸರು ಕೊಟ್ಟೆ. ಸೀರೆ ಕೊಳ್ಳುವಾಗ ಐದು ಅಂಗಡಿ ತಿರುಗುವ ನಾನು ಇಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಬೆಳಿಗ್ಗೆ ಆರೂವರೆಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟೆ. ರಾತ್ರಿ ಮೊಬೈಲಿಗೆ ಹದಿನಾಲ್ಕು ಪುಟದ ವರದಿ ಬಂದಿತು. ಹನ್ನೆರಡನೆಯ ಪುಟದಲ್ಲಿ ಕೆಂಪು ಬಣ್ಣದ ಒಂದು ಸಾಲು: ಸಿಎ-125, 41. ಇರಬೇಕಾದದ್ದು 35ರ ಒಳಗೆ.

ಸಿಎ-125 ಎಂದರೆ ಏನೆಂದು ಮೊಬೈಲಿನಲ್ಲಿಯೇ ಹುಡುಕಿದೆ. ಮೊದಲ ಸಾಲಿನಲ್ಲಿಯೇ ಅಂಡಾಶಯದ ಕ್ಯಾನ್ಸರ್ ಎಂದಿತ್ತು. ಅದರ ಮುಂದೆ ಓದಲಿಲ್ಲ.

ನಾಲ್ಕು ರಾತ್ರಿ ಹೇಗೆ ಕಳೆದವೆಂದು ಬರೆಯುವುದು ಕಷ್ಟ. ಚಿಕಿತ್ಸೆ ಮುಗಿಸಿ ಗದಗಿಗೆ ಹೋಗಿದ್ದ ಚಿಗವ್ವನ ಹಾಸಿಗೆಯಲ್ಲಿಯೇ ನಾನು ಮಲಗುತ್ತಿದ್ದೆ. ಅವ್ವನಿಗೆ ಹೇಳುವಂತಿರಲಿಲ್ಲ. ಅಪ್ಪನಿಗಂತೂ ಮುಟ್ಟಿನ ಮಾತೇ ಹೇಳುವ ರೂಢಿ ನಮ್ಮ ಮನೆಯಲ್ಲಿಲ್ಲ. ಬಸ್ಸು ನವನಗರ ದಾಟುವಾಗ ನಾನು ಬೇಕೆಂದೇ ಎಡಕ್ಕೂ ಬಲಕ್ಕೂ ನೋಡದೆ ಮುಂದಿನ ಸೀಟಿನ ಬೆನ್ನು ನೋಡುತ್ತಿದ್ದೆ.

ಐದನೆಯ ದಿನ ಮಾಳಮಡ್ಡಿಯಲ್ಲಿರುವ ನಮ್ಮ ಹಳೆಯ ಡಾಕ್ಟರ ಬಳಿಗೆ ಹೋದೆ. ನನ್ನ ಸಣ್ಣಂದಿನ ಗಂಟಲುಬೇನೆಗೆಲ್ಲ ಅವರದೇ ಮದ್ದು. ಎಪ್ಪತ್ತು ದಾಟಿದವರು, ಈಗ ಸಂಜೆ ಎರಡು ತಾಸು ಮಾತ್ರ ಕೂಡುತ್ತಾರೆ. ಅವರ ಕೋಣೆಯಲ್ಲಿ ಔಷಧ ಕಂಪನಿಯ ಕ್ಯಾಲೆಂಡರು, ಒಂದು ತೂಕದ ಯಂತ್ರ, ಪಾದರಸದ ಹಳೆಯ ಬಿಪಿ ಪೆಟ್ಟಿಗೆ ಬಿಟ್ಟರೆ ಮತ್ತೇನೂ ಇಲ್ಲ. ಅಚ್ಚು ಹಾಕಿಸಿಕೊಂಡು ಹೋಗಿದ್ದ ಹದಿನಾಲ್ಕು ಪುಟಗಳನ್ನು ಅವರು ಪಂಚಾಂಗ ತಿರುವುವಂತೆ ತಿರುವಿದರು. ಹನ್ನೆರಡನೆಯ ಪುಟಕ್ಕೆ ಬಂದಾಗ ನನ್ನ ಉಸಿರು ನಿಂತಿತು. ಅವರು ನಿಲ್ಲಲಿಲ್ಲ.

“ಡಾಕ್ಟರೇ, ಆ ಕೆಂಪು...”

“ನೋಡಿದೆ ತಂಗಿ. ರಕ್ತ ಕೊಟ್ಟ ದಿನ ಮುಟ್ಟಾಗಿದ್ದೆಯೇನು?”

ಎರಡನೆಯ ದಿನವಾಗಿತ್ತು.

“ಮತ್ತೆ ಏರದೆ ಏನಾಗುತ್ತದೆ? ಮುಟ್ಟಿನಲ್ಲಿ ಏರುತ್ತದೆ, ಬಸುರಿನಲ್ಲಿ ಏರುತ್ತದೆ, ಹೊಟ್ಟೆಯೊಳಗೆ ಸಣ್ಣ ಉರಿಯೂತವಿದ್ದರೂ ಏರುತ್ತದೆ. ಅಂಡಾಶಯದ ಕ್ಯಾನ್ಸರ್ ಎಂದು ಗೊತ್ತಾಗಿ ಚಿಕಿತ್ಸೆ ನಡೆದವರಲ್ಲಿ ಮದ್ದು ಹಿಡಿಯಿತೋ ಇಲ್ಲವೋ ಎಂದು ನೋಡಲು ಇದು ಬೇಕು. ಏನೂ ಆಗಿಲ್ಲದ ಹುಡುಗಿಯ ರಕ್ತದಲ್ಲಿ ಇದನ್ನು ಹುಡುಕುವುದೆಂದರೆ ತುಂಬಿದ ಸಂತೆಯಲ್ಲಿ ‘ಕಳ್ಳ, ಕಳ್ಳ’ ಎಂದು ಕೂಗಿದಂತೆ. ಹತ್ತು ಜನ ಓಡುತ್ತಾರೆ, ಹತ್ತು ಜನರೂ ಕಳ್ಳರಲ್ಲ.”

ನನ್ನ ಸಮಾಧಾನಕ್ಕೆಂದು, ಮುಟ್ಟು ಮುಗಿದು ಒಂದು ವಾರ ಕಳೆದ ಮೇಲೆ ಅದೊಂದನ್ನೇ ಮತ್ತೆ ಮಾಡಿಸಲು ಹೇಳಿದರು. 17 ಬಂತು. ಅಲ್ಲಿಗೆ ಆ ಕಥೆ ಮುಗಿಯಿತು. ಯಾವ ಲಕ್ಷಣವೂ ಇಲ್ಲದ ಹೆಂಗಸರಲ್ಲಿ ಅಂಡಾಶಯದ ಕ್ಯಾನ್ಸರನ್ನು ಈ ರೀತಿ ಹುಡುಕಬಾರದು ಎಂದು ಅಮೆರಿಕದ ತಪಾಸಣಾ ಮಾರ್ಗಸೂಚಿಯಲ್ಲಿಯೇ ಇದೆಯೆಂದು ಆಮೇಲೆ ಓದಿದೆ. ಲ್ಯಾಬಿನವರಿಗೆ ಅದು ಗೊತ್ತಿಲ್ಲವೆಂದಲ್ಲ, ಎಪ್ಪತ್ತರ ಲೆಕ್ಕ ತುಂಬಬೇಕಲ್ಲ.

ಆದರೆ ಆ ಸಂಜೆ ಡಾಕ್ಟರ ಬೆರಳು ಹಿಂದಕ್ಕೆ ತಿರುಗಿ ಮೊದಲ ಪುಟದ ಮೇಲೆ ನಿಂತಿತು. “ಇದನ್ನು ನೋಡಿದೆಯಾ?” ಹಿಮೋಗ್ಲೋಬಿನ್ 9.8. ಪಕ್ಕದಲ್ಲಿ ‘ಕಡಿಮೆ’ ಎಂಬ ಸಣ್ಣ ಗುರುತಿತ್ತು. ಕೆಂಪು ಬಣ್ಣವಿರಲಿಲ್ಲ, ಆದ್ದರಿಂದ ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ಅವರು ಎದ್ದು ಬಂದು ನನ್ನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡಿದರು.

“ಮೆಟ್ಟಿಲು ಹತ್ತಿದರೆ ತೇಕು ಬರುತ್ತದೆಯೇ?”

“ಎಲ್ಲರಿಗೂ ಬರುತ್ತದೆ, ಅಲ್ಲವೇ?”

“ಇಪ್ಪತ್ತೈದಕ್ಕೆ ಬರುವುದಿಲ್ಲ. ಹಸಿ ಅಕ್ಕಿ, ಬಳಪ, ಮಣ್ಣು ಇಂಥದ್ದು ತಿನ್ನಬೇಕೆನ್ನಿಸುತ್ತದೆಯೇ?”

ನನಗೆ ಕಳ್ಳತನದಲ್ಲಿ ಸಿಕ್ಕಿಬಿದ್ದಂತಾಯಿತು. ಅಕ್ಕಿ ಆರಿಸುವಾಗ ಹಿಡಿ ಹಿಡಿಯಾಗಿ ಬಾಯಿಗೆ ಹಾಕಿಕೊಳ್ಳುವುದು ನನ್ನ ಚಟ. ‘ಹಸಿ ಅಕ್ಕಿ ತಿಂದರೆ ಮದುವೆಯ ದಿನ ಮಳೆ ಬರುತ್ತದೆ’ ಎಂದು ಆಯಿ ಬೈಯುತ್ತಿದ್ದಳೇ ಹೊರತು ಅದು ಮೈಯಲ್ಲಿ ಕಬ್ಬಿಣ ಕಡಿಮೆಯಾದವರ ಹಂಬಲ ಎಂದು ನಮ್ಮ ಮನೆಯಲ್ಲಿ ಯಾರಿಗೆ ಗೊತ್ತು? ಬಸುರಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12 ಇರಬೇಕು, 11ಕ್ಕಿಂತ ಕೆಳಗಿಳಿದರೆ ರಕ್ತಹೀನತೆ ಮಧ್ಯಮ ಮಟ್ಟದ್ದು, 8ರ ಕೆಳಗೆ ತೀವ್ರ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನ ರಕ್ತ ಸಾಲದವರು. ಕುದುರೆಯಂತಿದ್ದ ನಾನು ಆ ಐವತ್ತೇಳರಲ್ಲಿ ಒಬ್ಬಳು. ಎಪ್ಪತ್ತು ಪರೀಕ್ಷೆಗಳಲ್ಲಿ ನನಗೆ ಬೇಕಾಗಿದ್ದದ್ದು ಎಲ್ಲಕ್ಕಿಂತ ಅಗ್ಗದ ಒಂದು. ಅದನ್ನು ಸರಕಾರದ ‘ನಮ್ಮ ಕ್ಲಿನಿಕ್ಕಿ’ನಲ್ಲಿಯೋ ಆರೋಗ್ಯ ಕೇಂದ್ರದಲ್ಲಿಯೋ ಪುಕ್ಕಟೆಯಾಗಿ ಮಾಡುತ್ತಾರೆ.

ಬಿಪಿ ನೋಡಿದರು. 138ಕ್ಕೆ 88. ಜುಬಿಲಿ ಸರ್ಕಲ್ಲಿನಿಂದ ಓಡೋಡಿ ಬಂದಿದ್ದೆ, ಮೇಲೆ ಕ್ಯಾನ್ಸರಿನ ಭಯ ಬೇರೆ. ಹತ್ತು ನಿಮಿಷ ಮಾತಾಡದೆ, ಕಾಲು ಮೇಲೆ ಕಾಲು ಹಾಕದೆ ಕುಳಿತಿರು ಎಂದರು. ಮತ್ತೆ ನೋಡಿದಾಗ 116ಕ್ಕೆ 76. ಬಂದ ತಕ್ಷಣ ಪಟ್ಟಿ ಸುತ್ತಿ ಒಂದೇ ಸಲ ನೋಡಿ ಗುಳಿಗೆ ಬರೆಯುವವರ ಬಗ್ಗೆ ಏನೋ ಗೊಣಗಿದರು, ಅದನ್ನು ಇಲ್ಲಿ ಬರೆಯುವುದಿಲ್ಲ.

ಆಮೇಲೆ ನಾನು ಜುಲೈ ತಿಂಗಳಿನಿಂದ ಕೇಳಬೇಕೆಂದಿದ್ದ ಪ್ರಶ್ನೆ ಕೇಳಿದೆ. ಏನೂ ಆಗಿಲ್ಲದವಳು ಯಾವ ಯಾವ ಡಾಕ್ಟರ ಬಳಿ ಎಷ್ಟೆಷ್ಟು ದಿನಕ್ಕೆ ಹೋಗಬೇಕು? ಅವರು ನಕ್ಕು, ಔಷಧದ ಚೀಟಿಯ ಹಿಂಬದಿಯಲ್ಲಿ ಬರೆದುಕೊಟ್ಟರು. ಅರ್ಧ ಹಾಳೆಯೂ ತುಂಬಲಿಲ್ಲ. ವರ್ಷಕ್ಕೊಮ್ಮೆ ಹುಟ್ಟಿದ ತಿಂಗಳಲ್ಲಿ ಇಲ್ಲಿಗೆ ಬಾ, ತೂಕ ಮತ್ತು ಬಿಪಿ ನೋಡೋಣ. ಬಿಪಿ ಸರಿಯಿರುವ ನಿನ್ನ ವಯಸ್ಸಿನವರಿಗೆ ಮೂರು ವರ್ಷಕ್ಕೊಮ್ಮೆ ನೋಡಿದರೂ ಸಾಕು, ಆದರೆ ಅಷ್ಟು ದಿನ ನೆನಪಿಡುವವರು ಯಾರು ಎಂದರು. ಹಲ್ಲಿಗೆ ವರ್ಷಕ್ಕೊಮ್ಮೆಯಾದರೂ ಹೋಗು. ಕಣ್ಣನ್ನು ಎರಡು ವರ್ಷಕ್ಕೊಮ್ಮೆ ತೋರಿಸು, ಕಂಪ್ಯೂಟರ್ ನೋಡುವ ಕೆಲಸವಲ್ಲವೇ. ಕೊಬ್ಬಿನಂಶದ ಪರೀಕ್ಷೆ ಈಗ ಒಮ್ಮೆ ಆಗಿದೆ, ಸರಿಯಿದೆ, ನಾಲ್ಕೈದು ವರ್ಷ ಅದರ ತಂಟೆಗೆ ಹೋಗಬೇಡ. ಶುಗರಿನ ಮುಂದೆ ಮಾತ್ರ ಅವರು ಎರಡು ಗೆರೆ ಎಳೆದರು. “ನಿನ್ನ ಅಪ್ಪನಿಗೆ ಶುಗರ್ ಇದೆ. ನಿನ್ನ ಎತ್ತರಕ್ಕೆ ತೂಕ ಸ್ವಲ್ಪ ಹೆಚ್ಚಿದೆ, ಎತ್ತರ-ತೂಕದ ಬಿಎಂಐ ಲೆಕ್ಕ ಹಾಕಿದರೆ 24 ಬರುತ್ತದೆ. ಬಿಳಿಯರಿಗೆ 25ರವರೆಗೆ ನಡೆಯುತ್ತದೆ, ನಮ್ಮವರಿಗೆ 23 ದಾಟಿದರೆ ಎಚ್ಚರ.” ಖಾಲಿ ಹೊಟ್ಟೆಯ ಶುಗರ್ 94 ಇತ್ತು. 100ರ ಒಳಗಿದ್ದರೆ ಚಿಂತೆಯಿಲ್ಲ. ಆದರೂ ಮೂರು ವರ್ಷಕ್ಕೊಮ್ಮೆ ತಪ್ಪದೆ ನೋಡಿಸಬೇಕಂತೆ. ಚಿಗವ್ವನ ಕಾಯಿಲೆ ನನ್ನ ರಕ್ತದಲ್ಲಿ ಇದೆಯೇ ಎಂದು ಹೆದರಿ ಹೋದವಳಿಗೆ ಸಿಕ್ಕ ನಿಜವಾದ ಆಸ್ತಿಯೆಂದರೆ ಅಪ್ಪನ ಶುಗರು.

“ಮುಟ್ಟಿನಲ್ಲಿ ಎಷ್ಟು ಹೋಗುತ್ತದೆ ಎಂಬುದನ್ನು ನಾನು ಕೇಳಿದರೆ ನೀನು ಸರಿಯಾಗಿ ಹೇಳುವುದಿಲ್ಲ” ಎಂದು ಹೇಳಿ ಧಾರವಾಡದಲ್ಲಿಯೇ ಇರುವ ಒಬ್ಬ ಸ್ತ್ರೀರೋಗ ತಜ್ಞೆಯ ಹೆಸರು ಬರೆದುಕೊಟ್ಟರು.

ಈ ಮೇಡಂ ಬಳಿಗೂ ಅವ್ವ ಬೆನ್ನು ಹತ್ತಿದಳು. ಬೇಡವೆಂದರೆ ಅನುಮಾನ, ಬಾ ಎಂದರೆ ಸಂಕೋಚ. ಮೇಡಂ ಅವ್ವನನ್ನು ಗೌರವದಿಂದಲೇ ಮಾತಾಡಿಸಿ, ಮನೆಯವರ ಕಾಯಿಲೆಗಳನ್ನೆಲ್ಲ ಅವಳ ಬಾಯಿಂದಲೇ ಬರೆದುಕೊಂಡು, “ಅವ್ವಾ, ಇನ್ನು ನೀವು ಹೊರಗೆ ಕುಳಿತಿರಿ. ಇವಳಿಗೆ ಇಪ್ಪತ್ತೈದಾಗಿದೆ, ಅವಳ ಮೈಯ ಲೆಕ್ಕ ಅವಳೇ ಕೊಡಲಿ” ಎಂದರು. ಅವ್ವ ಎದ್ದು ಹೋದಳು. ಬಾಗಿಲು ಮುಚ್ಚಿತು. ಆ ಬಾಗಿಲು ಮುಚ್ಚಿದ ಸದ್ದು ನನಗೆ ಈಗಲೂ ನೆನಪಿದೆ. ಹುಟ್ಟಿದಾಗಿನಿಂದ ಯಾವ ಡಾಕ್ಟರ ಮುಂದೆಯೂ ನಾನು ಒಬ್ಬಳೇ ಕುಳಿತು ನನ್ನ ಮೈಯ ಲೆಕ್ಕವನ್ನು ಬಿಚ್ಚಿ ಹೇಳಿರಲಿಲ್ಲ.

ಎಷ್ಟು ದಿನ? ಏಳು, ಕೆಲವೊಮ್ಮೆ ಎಂಟು. ದಿನಕ್ಕೆ ಎಷ್ಟು ಪ್ಯಾಡು? ಮೊದಲ ಮೂರು ದಿನ ಎರಡು ತಾಸಿಗೊಂದು. ರಾತ್ರಿ ಏಳಬೇಕಾಗುತ್ತದೆಯೇ? ಎರಡು ಸಲ. ಗಡ್ಡೆಗಡ್ಡೆಯಾಗಿ ಹೋಗುತ್ತದೆಯೇ? ಹೌದು. ಇದು ಹೆಚ್ಚು ಎಂದು ಎಂದೂ ಅನ್ನಿಸಲಿಲ್ಲವೇ? ಇಲ್ಲ, ಅವ್ವನಿಗೂ ಹೀಗೆಯೇ, ಆಯಿಗೂ ಹೀಗೆಯೇ ಇತ್ತಂತೆ. ಮೇಡಂ ಪೆನ್ನು ಕೆಳಗಿಟ್ಟರು. “ಮೂರು ತಲೆಮಾರಿಗೆ ರಕ್ತ ಕಡಿಮೆ ಎಂದ ಹಾಗಾಯಿತು” ಎಂದರು. ಹುಬ್ಬಳ್ಳಿಯಲ್ಲಿ ನನ್ನನ್ನು ಕೇಳಿದ್ದು ತಿಂಗಳು ತಿಂಗಳು ಆಗುತ್ತದೆಯೇ ಎಂದು. ಎಷ್ಟು ಹೋಗುತ್ತದೆ ಎಂದು ಕೇಳಿದ್ದರೆ ನಾಲ್ಕು ತಿಂಗಳು ಮೊದಲೇ ಗೊತ್ತಾಗುತ್ತಿತ್ತು.

ಮೂತ್ರ ತುಂಬಿಸಿಕೊಂಡು ಹೊಟ್ಟೆಯ ಮೇಲಿನಿಂದ ಒಂದು ಸ್ಕ್ಯಾನಿಂಗ್ ಮಾಡಿಸಿದರು, ಗಡ್ಡೆ ಏನೂ ಇರಲಿಲ್ಲ. ಥೈರಾಯ್ಡ್ ನೋಡಿದರು, ಸರಿಯಿತ್ತು. ಥೈರಾಯ್ಡ್ ಲ್ಯಾಬಿನ ಎಪ್ಪತ್ತರಲ್ಲಿಯೂ ಇತ್ತಲ್ಲ ಎಂದು ಕೇಳಬಹುದು. ಇತ್ತು, ಮೇಡಂ ಆ ವರದಿಯನ್ನೇ ನೋಡಿದರು. ಆದರೆ ತಾವು ಯಾಕೆ ನೋಡುತ್ತಿದ್ದೇವೆಂದು ಅವರಿಗೆ ಗೊತ್ತಿತ್ತು. ಹೆಚ್ಚು ಹೋಗುವ ದಿನಗಳಿಗೆಂದು ಒಂದು ಗುಳಿಗೆ, ಕಬ್ಬಿಣಾಂಶಕ್ಕೆ ದಿನ ಬಿಟ್ಟು ದಿನ ಇನ್ನೊಂದು. ಕಬ್ಬಿಣದ್ದನ್ನು ಲಿಂಬೆಹಣ್ಣಿನ ನೀರಿನೊಂದಿಗೆ ನುಂಗಬೇಕು, ಹಾಲಿನ ಜೊತೆ ಬೇಡ, ಮುಖ್ಯವಾಗಿ ಅದರ ಹಿಂದೆ ಮುಂದೆ ಒಂದೊಂದು ತಾಸು ಚಹಾ ಬೇಡ.

ಧಾರವಾಡದವರಿಗೆ ಚಹಾ ಬೇಡ ಎನ್ನುವುದು ಗುಳಿಗೆ ಬರೆದಷ್ಟು ಸುಲಭವಲ್ಲ. ನಮ್ಮ ಮನೆಯಲ್ಲಿ ನಾಷ್ಟಾದ ತಟ್ಟೆ ಎತ್ತುವ ಮುಂಚೆ ಚಹಾದ ಕಪ್ಪು ಬಂದಿರುತ್ತದೆ. ಉಂಡ ಅನ್ನದ ಕಬ್ಬಿಣವನ್ನು ಅದೇ ಚಹಾ ಹಿಡಿದಿಟ್ಟುಕೊಳ್ಳುತ್ತದೆ ಎಂದು ಹೇಳಿದರೆ ಅವ್ವ ನಂಬಲಿಲ್ಲ. ಅವಳು ತನ್ನದೇ ಮದ್ದು ಶುರು ಮಾಡಿದಳು: ಅಳವಿ ಉಂಡಿ. ಬಾಣಂತಿಯರಿಗೆ ಮಾಡುವುದನ್ನು ಮದುವೆಯಾಗದ ಮಗಳಿಗೆ ಯಾಕೆ ಮಾಡುತ್ತಿದ್ದೀರಿ ಎಂದು ಎದುರು ಮನೆಯ ವೈನಿ ಬಂದು ಕೇಳಿಯೇಬಿಟ್ಟರು. ಅಳವಿಯಲ್ಲಿ ಕಬ್ಬಿಣ ಚೆನ್ನಾಗಿಯೇ ಇದೆ, ಸಜ್ಜೆಯಲ್ಲಿಯೂ ಇದೆ. ಆದರೆ 9.8ಕ್ಕೆ ಇಳಿದದ್ದನ್ನು ಊಟವೊಂದೇ ಎತ್ತಲಾರದು, ಗುಳಿಗೆ ಬೇಕು, ಹಿಮೋಗ್ಲೋಬಿನ್ ಸರಿಯಾದ ಮೇಲೂ ಮೂರು ತಿಂಗಳು ಬೇಕು, ಇಲ್ಲದಿದ್ದರೆ ಒಳಗಿನ ದಾಸ್ತಾನು ತುಂಬುವುದಿಲ್ಲ ಎಂದು ಮೇಡಂ ಖಡಾಖಂಡಿತವಾಗಿ ಹೇಳಿದ್ದರು. ಮಲ ಕಪ್ಪಾದೀತು, ಹೆದರಬೇಡ ಎಂದೂ ಹೇಳಿದ್ದರು. ಅದನ್ನು ಮೊದಲೇ ಹೇಳಿದ್ದು ಒಳ್ಳೆಯದಾಯಿತು.

ಚಿಗವ್ವನ ಮಾತು ತೆಗೆದೆ. ಆ ಕ್ಯಾನ್ಸರ್ ಬಹುಮಟ್ಟಿಗೆ ವಂಶದಿಂದ ಬರುವುದಲ್ಲ ಎಂದರು ಮೇಡಂ. ಅದರ ಮೂಲ ಎಚ್‌ಪಿವಿ ಎಂಬ ವೈರಸ್, ಲೈಂಗಿಕ ಸಂಪರ್ಕದಿಂದ ದಾಟುವಂಥದ್ದು. ಬಹಳ ಜನರಿಗೆ ತಗಲುತ್ತದೆ, ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿ ಹೋಗುತ್ತದೆ. ಹೋಗದೆ ಉಳಿದವರಲ್ಲಿ ಕೆಲವರಿಗೆ ಹದಿನೈದು ಇಪ್ಪತ್ತು ವರ್ಷ ಸದ್ದಿಲ್ಲದೆ ಕುಳಿತು ಕ್ಯಾನ್ಸರಾಗುತ್ತದೆ. ಆ ಹದಿನೈದು ಇಪ್ಪತ್ತು ವರ್ಷದಲ್ಲಿ ಒಂದು ಸಲ ಯಾರಾದರೂ ನೋಡಿದ್ದರೆ ಸಾಕಿತ್ತು. ಇದು ‘ಅಂಥ’ ಕಾಯಿಲೆ ಎಂದು ಚಿಗವ್ವನನ್ನು ಯಾರಾದರೂ ಬೊಟ್ಟು ಮಾಡಿಯಾರು ಎಂದು ನನಗೆ ಆಗ ಅನ್ನಿಸಿತು. ನನ್ನ ಮುಖ ನೋಡಿಯೇ ಮೇಡಂ ಹೇಳಿದರು: “ಒಬ್ಬನೇ ಗಂಡನೊಂದಿಗೆ ಬಾಳಿದವಳಿಗೂ ಬರುತ್ತದೆ. ಇದರಲ್ಲಿ ತಪ್ಪು ಒಪ್ಪಿನ ಮಾತಿಲ್ಲ.”

ಗರ್ಭಕಂಠದ ಜೀವಕೋಶ ತೆಗೆದು ನೋಡುವ ಪ್ಯಾಪ್ ಪರೀಕ್ಷೆ ನನಗೆ ಈಗ ಬೇಕೇ? ಇಲ್ಲಿ ಒಂದೊಂದು ಕಡೆ ಒಂದೊಂದು ಲೆಕ್ಕ. ಅಮೆರಿಕದಲ್ಲಿ 21ಕ್ಕೆ ಶುರು ಮಾಡಿ ಮೂರು ವರ್ಷಕ್ಕೊಮ್ಮೆ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಸಾಮಾನ್ಯ ಹೆಂಗಸರಿಗೆ ಗರ್ಭಕಂಠದ ತಪಾಸಣೆ 30ರಿಂದ ಎನ್ನುತ್ತದೆ. ನಮ್ಮ ದೇಶದ ಸರಕಾರಿ ಕಾರ್ಯಕ್ರಮವೂ 30ರಿಂದ 65ರವರೆಗೆ, ಐದು ವರ್ಷಕ್ಕೊಮ್ಮೆ. ಮೇಡಂ ಒಂದು ನೇರ ಪ್ರಶ್ನೆ ಕೇಳಿದರು, ಲೈಂಗಿಕ ಸಂಪರ್ಕವಾಗಿರದವಳಿಗೆ ಈ ಪರೀಕ್ಷೆ ಸದ್ಯ ಬೇಕಿಲ್ಲ ಎಂಬ ಕಾರಣಕ್ಕೆ. ನಾನೂ ನೇರವಾಗಿಯೇ ಉತ್ತರ ಕೊಟ್ಟೆ. ಉತ್ತರವೇನೆಂಬುದು ಈ ಬರಹಕ್ಕೆ ಬೇಕಿಲ್ಲ. ಆ ಪ್ರಶ್ನೆ ಕೇಳುವಾಗ ಅವರ ದನಿ ‘ನೆಗಡಿ ಇದೆಯೇ’ ಎಂದು ಕೇಳುವಾಗ ಇದ್ದಂತೆಯೇ ಇತ್ತು ಎಂಬುದನ್ನು ಮಾತ್ರ ಬರೆಯಬೇಕು. ಸ್ತನಗಳನ್ನೂ ಪರೀಕ್ಷಿಸಿದರು. ಮ್ಯಾಮೋಗ್ರಾಮ್ ನಿನ್ನ ವಯಸ್ಸಿಗೆ ಬೇಕಿಲ್ಲ, ನಲವತ್ತರ ಮಾತು ಅದು. ಮುಟ್ಟು ಮುಗಿದ ಮೇಲೆ ಸ್ನಾನದಲ್ಲಿ ನಿನ್ನದೇ ಕೈಗೆ ಹೇಗಿರುತ್ತದೆಂದು ತಿಳಿದಿರಲಿ, ಹೊಸದೇನಾದರೂ ಸಿಕ್ಕರೆ ಬಾ ಎಂದರು.

ಎಚ್‌ಪಿವಿ ಲಸಿಕೆಯ ವಿಷಯಕ್ಕೆ ಬಂದಾಗ ಮೇಡಂ ಅವಸರ ಮಾಡಿದರು. ಗರ್ಭಕಂಠದ ಕ್ಯಾನ್ಸರಿನಲ್ಲಿ ನೂರಕ್ಕೆ ಎಪ್ಪತ್ತರಷ್ಟಕ್ಕೆ ಈ ವೈರಸ್ಸಿನ 16 ಮತ್ತು 18 ಎಂಬ ಎರಡೇ ಬಗೆಗಳು ಕಾರಣ, ಲಸಿಕೆ ಆ ಎರಡನ್ನೂ ತಡೆಯುತ್ತದೆ. ಒಂಬತ್ತರಿಂದ ಹದಿನಾಲ್ಕರ ಹುಡುಗಿಯರಿಗೆ ಹಾಕಿಸುವುದೇ ಸರಿಯಾದ ಹೊತ್ತು, ಆಗಿನ ಲೆಕ್ಕದಲ್ಲಿ ಅವರಿಗೆ ಎರಡು ಡೋಸು. ಹದಿನೈದು ದಾಟಿದವರಿಗೆ ಮೂರು. ನಮ್ಮ ದೇಶದಲ್ಲಿ ತಯಾರಾಗುವ ಸರ್ವಾವ್ಯಾಕ್‌ಗೆ ಒಪ್ಪಿಗೆ ಇರುವುದು 26 ವರ್ಷದವರೆಗೆ. “ರೈಲು ಹೊರಡುವ ಹೊತ್ತಿಗೆ ಸ್ಟೇಶನ್ನಿಗೆ ಬಂದಿದ್ದೀಯ, ಹತ್ತಿಬಿಡು.” ಒಂದು ಡೋಸಿಗೆ ಎರಡು ಸಾವಿರದ ಸುಮಾರು ಆಯಿತು. ಡಿಸೆಂಬರಿನಲ್ಲಿ ಒಂದು, ಫೆಬ್ರುವರಿಯಲ್ಲಿ ಒಂದು, ಜೂನಿನಲ್ಲಿ ಒಂದು. ತೋಳು ಎರಡು ದಿನ ಜಡವಾಗಿತ್ತು, ಅಷ್ಟೇ. ಲಸಿಕೆ ಹಾಕಿಸಿಕೊಂಡೆನೆಂದು ಮುಂದೆ ತಪಾಸಣೆ ಬಿಡುವ ಹಾಗಿಲ್ಲ, ಉಳಿದ ಬಗೆಗಳು ಇರುತ್ತವಲ್ಲ.

ಉಳಿದ ಲಸಿಕೆಗಳಿಗಾಗಿ ನನ್ನ ಬಾಲ್ಯದ ಕಾರ್ಡು ಹುಡುಕಬೇಕಾಯಿತು. ಅದು ಟ್ರಂಕಿನಲ್ಲಿ ಅವ್ವನ ಮದುವೆಯ ಇಳಕಲ್ ಸೀರೆಯ ಮಡಿಕೆಯಲ್ಲಿ ಸಿಕ್ಕಿತು, ಅಂಚುಗಳನ್ನು ಹುಳ ತಿಂದಿದ್ದವು. 1999ರಲ್ಲಿ ಹುಟ್ಟಿದವಳು ನಾನು. ಹೆಪಟೈಟಿಸ್ ಬಿ ಆಗ ಸರಕಾರಿ ಲಸಿಕೆಗಳಲ್ಲಿ ಇರಲಿಲ್ಲ, ಕಾರ್ಡಿನಲ್ಲಿಯೂ ಇಲ್ಲ. ರುಬೆಲ್ಲಾ ಕೂಡ ಇಲ್ಲ. 2017ರ ಫೆಬ್ರುವರಿಯಲ್ಲಿ ಕರ್ನಾಟಕದಲ್ಲಿ ಶಾಲೆ ಶಾಲೆಗೆ ಹೋಗಿ ದಡಾರ-ರುಬೆಲ್ಲಾ ಲಸಿಕೆ ಹಾಕಿದರಲ್ಲ, ಅದು ಹದಿನೈದರ ಒಳಗಿನವರಿಗೆ. ನನ್ನ ತಮ್ಮ ತೋಳು ಒತ್ತಿಕೊಂಡು ಅಳುತ್ತ ಮನೆಗೆ ಬಂದದ್ದು, ಪಿಯುಸಿ ಪುಸ್ತಕ ಹಿಡಿದು ಕುಳಿತಿದ್ದ ನಾನು ಅವನನ್ನು ನೋಡಿ ನಕ್ಕದ್ದು ನೆನಪಾಯಿತು. ಬಸುರಿನ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ತಗಲಿದರೆ ಕೂಸಿನ ಕಣ್ಣು, ಕಿವಿ, ಹೃದಯಕ್ಕೆ ಪೆಟ್ಟು. ಬಸುರಿಯಾದ ಮೇಲೆ ಈ ಲಸಿಕೆ ಹಾಕುವ ಹಾಗಿಲ್ಲ, ಹಾಕಿಸಿಕೊಂಡು ಒಂದು ತಿಂಗಳಾದರೂ ಕಾಯಬೇಕು. ಅಂದರೆ ಇದು ಮದುವೆ ಗೊತ್ತಾಗುವ ಮುಂಚಿನ ಕೆಲಸ, ಆಮೇಲಿನದಲ್ಲ. ಧನುರ್ವಾಯುವಿನದು ಹದಿನಾರಕ್ಕೆ ಶಾಲೆಯಲ್ಲಿ ಹಾಕಿದ್ದರು, ಹತ್ತು ವರ್ಷಕ್ಕೊಮ್ಮೆಯ ಲೆಕ್ಕದಲ್ಲಿ ಮತ್ತೆ ಹೊತ್ತಾಗುತ್ತ ಬಂದಿತ್ತು. ಆ ಚಳಿಗಾಲದಲ್ಲಿ ನನ್ನ ಎರಡೂ ತೋಳಿಗೆ ಬಿಡುವಿರಲಿಲ್ಲ.

ಹಲ್ಲಿನದು ಬೇಗ ಹೇಳಿ ಮುಗಿಸುತ್ತೇನೆ. ನೋವಿಲ್ಲದೆ ಹಲ್ಲಿನ ಡಾಕ್ಟರ ಬಳಿ ಹೋದವರನ್ನು ನಮ್ಮ ಓಣಿ ಕಂಡಿಲ್ಲ. ಹಲ್ಲು ಸ್ವಚ್ಛ ಮಾಡಿಸಿದರೆ ಸಡಿಲವಾಗುತ್ತವೆ ಎಂಬುದು ಅಪ್ಪನ ಖಚಿತ ನಂಬಿಕೆ. ಎರಡು ಹುಳುಕು ಸಿಕ್ಕವು, ಎರಡೂ ಬೇರಿಗೆ ಮುಟ್ಟಿರಲಿಲ್ಲ, ಸಿಮೆಂಟು ತುಂಬಿದರು. ಬೇರಿಗೆ ಇಳಿದ ಮೇಲೆ ಹೋಗಿದ್ದರೆ ಹಲವು ಪಟ್ಟು ಖರ್ಚು. ಕಣ್ಣಿಗೆ ಏನೂ ಆಗಿರಲಿಲ್ಲ.

ಬರೆಯಲು ಹಿಂಜರಿಯುವ ಭೇಟಿ ಒಂದಿದೆ. ಮಾಳಮಡ್ಡಿಯ ಡಾಕ್ಟರು ಮೂರು ತಿಂಗಳ ನಂತರ ಹಿಮೋಗ್ಲೋಬಿನ್ ನೋಡಲು ಕರೆದಾಗ ಕೊನೆಯಲ್ಲಿ ಎರಡು ಪ್ರಶ್ನೆ ಕೇಳಿದರು. ಎರಡು ವಾರದಿಂದ ಯಾವುದರಲ್ಲಿಯೂ ಮನಸ್ಸು ನಿಲ್ಲುತ್ತಿಲ್ಲ ಎನ್ನಿಸಿದೆಯೇ? ಮನಸ್ಸು ಕುಗ್ಗಿದಂತಿದೆಯೇ? ಇಲ್ಲ ಎನ್ನಲು ಬಾಯಿ ತೆರೆದವಳು ಅತ್ತುಬಿಟ್ಟೆ. ಚಿಗವ್ವನ ಸುಟ್ಟ ಚರ್ಮ, ನವನಗರದ ಸ್ಟಾಪು, ನಾಲ್ಕು ರಾತ್ರಿಯ ಭಯ ಎಲ್ಲ ಒಟ್ಟಿಗೆ ಬಂತು. ಅವರು ಏನೂ ಹೇಳಲಿಲ್ಲ, ಫ್ಯಾನಿನ ವೇಗ ಹೆಚ್ಚಿಸಿದರು. ನಂತರ 14416 ಎಂಬ ಅಂಕಿ ಬರೆದುಕೊಟ್ಟರು. ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಸರಕಾರದ ಸಹಾಯವಾಣಿ, ಪುಕ್ಕಟೆ, ರಾತ್ರಿ ಹಗಲು, ಕನ್ನಡದಲ್ಲಿ ಮಾತಾಡುತ್ತಾರೆ. ಮಾನಸಿಕ ಕಾಯಿಲೆಗಳ ಆಸ್ಪತ್ರೆ ಡಿಮ್ಹಾನ್ಸ್ ನಮ್ಮ ಊರಿನಲ್ಲಿಯೇ ಇದೆ. ಆದರೆ ಧಾರವಾಡದಲ್ಲಿ ಬೆಳೆದವರಿಗೆ ಆ ಗೇಟಿನ ಮುಂದೆ ರಿಕ್ಷಾ ನಿಲ್ಲಿಸಿ ಎನ್ನುವುದು ಎಷ್ಟು ಕಷ್ಟವೆಂದು ಗೊತ್ತು. ಚಿಕ್ಕವರಿದ್ದಾಗ ಒಬ್ಬರನ್ನೊಬ್ಬರು ಬೈಯಲು ಬಳಸುತ್ತಿದ್ದ ಜಾಗ ಅದು. ನಾನು ಫೋನು ಮಾಡಿದೆ. ಮೂರು ಸಲ. ಸದ್ಯಕ್ಕೆ ಅಷ್ಟು ಸಾಕಾಗಿದೆ.

ಹಿಮೋಗ್ಲೋಬಿನ್ ಆಗ 11.4 ಇತ್ತು. ಜೂನ್ ಹೊತ್ತಿಗೆ 12.3. ಹಸಿ ಅಕ್ಕಿಯ ಹಂಬಲ ಯಾವಾಗ ಹೋಯಿತೆಂದು ನನಗೇ ಗೊತ್ತಾಗಲಿಲ್ಲ. ಒಂದು ದಿನ ಅಕ್ಕಿ ಆರಿಸಿ ಎದ್ದ ಮೇಲೆ, ಒಂದು ಕಾಳೂ ಬಾಯಿಗೆ ಹೋಗಿಲ್ಲವಲ್ಲ ಎಂದು ಹೊಳೆಯಿತು.

ನನ್ನ ಮೂರನೆಯ ಡೋಸಿನ ವಾರದಲ್ಲಿಯೇ ಅವ್ವನನ್ನು ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಒಂದು ವರ್ಷದಿಂದ ನಾಳೆ ನಾಡಿದ್ದು ಎನ್ನುತ್ತಿದ್ದಳು. ನಲವತ್ತೊಂಬತ್ತು ವರ್ಷ, ಇನ್ನೂ ಮುಟ್ಟು ನಿಂತಿಲ್ಲ, ತಮ್ಮ ಹುಟ್ಟಿದ ಮೇಲೆ ಅವಳೂ ಯಾರಿಗೂ ತೋರಿಸಿಕೊಂಡವಳಲ್ಲ. ಒಳಗೆ ಹೋಗಿ ಹತ್ತು ನಿಮಿಷದಲ್ಲಿ ಹೊರಗೆ ಬಂದಳು.

“ಆಯಿತೇ?”

“ಆಯಿತು. ಏನೂ ಇಲ್ಲವಂತೆ.” ಚಪ್ಪಲಿ ಹಾಕಿಕೊಳ್ಳುತ್ತ ಕೇಳಿದಳು, “ಅವರು ಹಚ್ಚಿದ್ದು ಏನು ಗೊತ್ತೇನು? ಗೋಬಿ ಮಂಚೂರಿಗೆ ಹಾಕುತ್ತಾರಲ್ಲ, ಆ ವಿನೆಗರ್.”

ಅದು ನಿಜ. ನೀರು ಬೆರೆಸಿದ ಅಸಿಟಿಕ್ ಆಮ್ಲವನ್ನು ಗರ್ಭಕಂಠಕ್ಕೆ ಹಚ್ಚಿ ಒಂದು ನಿಮಿಷ ಕಾಯುತ್ತಾರೆ. ಕೆಡುತ್ತಿರುವ ಜಾಗವಿದ್ದರೆ ಬೆಳ್ಳಗಾಗಿ ಕಾಣುತ್ತದೆ. ಯಂತ್ರ ಬೇಡ, ಲ್ಯಾಬು ಬೇಡ.

ಅವ್ವ ಆಸ್ಪತ್ರೆಯ ಕಟ್ಟೆಯ ಮೇಲೆ ಕುಳಿತಳು. “ಒಂದು ನಿಮಿಷ” ಎಂದಳು. ನನಗೆ ಹೇಳಿದ್ದಲ್ಲ. ಸ್ವಲ್ಪ ಹೊತ್ತು ಏನನ್ನೂ ಮಾತಾಡಲಿಲ್ಲ. ಎದುರಿನ ಅಂಗಡಿಯಲ್ಲಿ ಮಿರ್ಚಿ ಕರಿಯುತ್ತಿದ್ದ ವಾಸನೆ ಬರುತ್ತಿತ್ತು. ಗದಗಿನಲ್ಲಿ ಚಿಗವ್ವ ಮೂರು ತಿಂಗಳಿಗೊಮ್ಮೆಯ ತಪಾಸಣೆಗೆ ಬರುವ ದಿನವನ್ನು ಕ್ಯಾಲೆಂಡರಿನಲ್ಲಿ ಎಣಿಸುತ್ತ ಕುಳಿತಿದ್ದಳು.

ಆಮೇಲೆ ಅವ್ವ ನನ್ನ ಮೊಬೈಲು ಇಸಿದುಕೊಂಡು ಹಾವೇರಿಯ ದೊಡ್ಡವ್ವನಿಗೆ ಹಚ್ಚಲು ಹೇಳಿದಳು.

“ಅಕ್ಕಾ, ಎಪ್ಪತ್ತೆರಡರ ಬರಗಾಲದಲ್ಲಿ ನೀನು ತೊಟ್ಟಿಲಲ್ಲಿದ್ದೆಯೋ, ನಡೆಯುತ್ತಿದ್ದೆಯೋ?” ಆ ಕಡೆಯ ಉತ್ತರ ಕೇಳಿ ಬೆರಳು ಮಡಿಚಿ ಲೆಕ್ಕ ಹಾಕಿದಳು. “ಹಾಗಾದರೆ ಅರವತ್ತೈದು ಆಗಿಲ್ಲ ಬಿಡು. ಅಮಾವಾಸ್ಯೆ ಕಳೆದ ಮೇಲೆ ಇಲ್ಲಿಗೆ ಬಾ, ಎರಡು ದಿನ ಇದ್ದು ಹೋಗುವೆಯಂತೆ... ಇಲ್ಲ, ಏನೂ ಆಗಿಲ್ಲ. ಯಾರಿಗೂ ಏನೂ ಆಗಿಲ್ಲ. ಬರುವಾಗ ಸಜ್ಜೆ ಇದ್ದರೆ ಎರಡು ಸೇರು ತೆಗೆದುಕೊಂಡು ಬಾ.”